ಏನನ್ನುತ್ತೆ?

ಅವನ ಬೆನ್ನ ಹಿಂದೆ ಚಮಚ ಬೀಳಿಸಿ ನೋಡುವುದನ್ನು ಇವತ್ತಿನಿಂದ ಬಿಟ್ಟುಬಿಡಬೇಕು ಎಂದುಕೊಳ್ಳುತ್ತಲೇ ಅವಳು ಚಮಚ ಬೀಳಿಸಿದಳು. ಅದು ಅಡಿಗೆಮನೆಯ ನೆಲಕ್ಕೆ ಬಿದ್ದು, ಪುಟಿದು, ಮತ್ತೆ ಬಿದ್ದು, ಒಲೆಕಟ್ಟೆಯ ಬುಡದಲ್ಲಿ ಸ್ವಲ್ಪ ಹೊತ್ತು ಗಿರಗಿರನೆ ತಿರುಗಿ ಸುಮ್ಮನಾಯಿತು. ಹಿತ್ತಿಲ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ ಗಂಡನ ಹೆಗಲು ಅಲುಗಲಿಲ್ಲ. ಒಳಕೋಣೆಯಿಂದ ಅವನ ಅಕ್ಕ ಮಾತ್ರ, “ಏನಮ್ಮಾ, ಬೆಳಗಾಗೋದೇ ತಡ, ಪಾತ್ರೆಗಳ ಮೇಲೆ ಸಿಟ್ಟಾ?” ಎಂದು ಕೂಗಿದರು. “ಕೈ ಜಾರಿತು ಅತ್ತಿಗೆ,” ಎಂದಳು. ನಿನ್ನೆ ತಟ್ಟೆ, ಮೊನ್ನೆ ಬೀಗ, ಅದಕ್ಕೆ ಮುಂಚೆ ಗೋಣಿಯಲ್ಲಿದ್ದ ಹಳೇ ನಟ್ಟುಗಳನ್ನು ಒಟ್ಟಿಗೇ ಸುರಿದು ನೋಡಿದ್ದಳು. ಆಗಲೂ ಅವನು ತಿರುಗಿರಲಿಲ್ಲ, ಅವಳ ನೆರಳು ತನ್ನ ಕೈಮೇಲೆ ಬಿದ್ದಾಗ ತಿರುಗಿದ್ದ. ನಿದ್ದೆ ಹೋದವರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಾಡುತ್ತಾರೋ ಇಲ್ಲವೋ ನೋಡುವವರ ಹಾಗೆ ತಾನಾಗುತ್ತಿದ್ದೇನೆ ಎಂದು ಅವಳಿಗೆ ಹೇಸಿಗೆಯಾಯಿತು. ಚಮಚ ಎತ್ತಿಕೊಂಡು, ತೊಳೆದು, ಅವನ ಹಿಂದೆ ನಿಂತು, “ಗೋದಾಮಿನವರು ಎಷ್ಟು ಹೊತ್ತಿಗೆ ಬರ್ತಾರಂತೆ?” ಎಂದು ಕೇಳಿದಳು. ಉತ್ತರ ಬರಲಿಲ್ಲ. ಮುಂದೆ ಬಂದು, ಮುಖಕ್ಕೆ ಮುಖ ಕೊಟ್ಟು ಅದನ್ನೇ ಕೇಳಿದಾಗ ಅವನು ಅವಳ ತುಟಿಯನ್ನು ನೋಡಿದ, ಒಂದು ಕ್ಷಣ ಲೆಕ್ಕ ಹಾಕಿದ, “ಸಕ್ಕರೆ ಸರಿಯಾಗಿದೆ,” ಎಂದ. ಹೆಂಡತಿ ಎನ್ನುವವಳು ಬೆಳಗಿನ ಹೊತ್ತು ಕೇಳಬಹುದಾದ ಪ್ರಶ್ನೆಗಳು ಎಷ್ಟಿದ್ದಾವು? ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಅವನು ಧೈರ್ಯವಾಗಿ ಉತ್ತರಿಸುತ್ತಿದ್ದ. ಹೆಚ್ಚಿನ ದಿನ ಸರಿಯಾಗುತ್ತಿತ್ತು.

ಹಿತ್ತಿಲಲ್ಲಿ ಗೋದಾಮಿನ ಫೋರ್ಕ್‌ಲಿಫ್ಟ್ ಎಂಬ ಹೊರೆ ಎತ್ತುವ ಗಾಡಿ ಹೊರಡಲು ಸಿದ್ಧವಾಗಿ ನಿಂತಿತ್ತು. ಹಳದಿ ಬಣ್ಣ ಹೋಗಿ ತುಕ್ಕು ಬಂದು, ತುಕ್ಕಿನ ಮೇಲೆ ಯಾರೋ ಮತ್ತೆ ಹಳದಿ ಬಳಿದು, ಈಗ ಎರಡೂ ಸೇರಿ ಹಣ್ಣಾದ ಎಲೆಯ ಬಣ್ಣಕ್ಕೆ ತಿರುಗಿದ ಯಂತ್ರ. ಅದರ ಪಕ್ಕದಲ್ಲಿ ಮಣ್ಣು ಅಗೆಯುವ ದೊಡ್ಡ ಯಂತ್ರ ತನ್ನ ಉದ್ದ ತೋಳನ್ನು ಮಡಚಿ, ಬಕೆಟನ್ನು ನೆಲಕ್ಕೆ ಊರಿ, ಬೈಸಿಕೊಂಡವರ ಹಾಗೆ ಕೂತಿತ್ತು. ಅದರ ತೋಳಿನಿಂದ ಗೋಡೆಯ ಮೊಳೆಗೆ ಹಗ್ಗ ಕಟ್ಟಿ ಅವಳು ಬಟ್ಟೆ ಒಣಗಿಸುತ್ತಿದ್ದಳು. ಆ ಯಂತ್ರ ವಾಪಸು ಹೋದ ದಿನ ಹಗ್ಗಕ್ಕೆ ಬೇರೆ ಜಾಗ ಹುಡುಕಬೇಕು. ಬೇರೆಯವರು ಕೈಬಿಟ್ಟ ಯಂತ್ರಗಳೇ ಈ ಹಿತ್ತಿಲಿಗೆ ಬರುತ್ತಿದ್ದವು. ಅಂಗಡಿಯಿಲ್ಲ, ಬೋರ್ಡಿಲ್ಲ, ಕೈಕೆಳಗೆ ಕೆಲಸದವರಿಲ್ಲ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ಕಾಂಕ್ರೀಟಿನ ನೆಲ, ಗೋಡೆಯ ಮೇಲೆ ಸಾಲಾಗಿ ತೂಗುಬಿದ್ದ ಸ್ಪ್ಯಾನರುಗಳು, ಮತ್ತು ಅವನ ಕಿವಿ. “ಮೇಸ್ತ್ರಿ ಕಿವಿ ಇಟ್ರೆ ಸಾಕು,” ಎನ್ನುತ್ತಿದ್ದರು ಬಂದವರು. ಅವನು ಒಂದು ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎಡಗೈ ಮೇಲೆತ್ತುತ್ತಿದ್ದ: ಎಲ್ಲರೂ ಸುಮ್ಮನಿರಿ. ಗಿರಾಕಿಗಳು, ಲಾರಿಯವರು, ಒಮ್ಮೊಮ್ಮೆ ಗೋಡೆಯಾಚೆಯ ಮಕ್ಕಳು ಕೂಡ ಬಾಯಿ ಮುಚ್ಚುತ್ತಿದ್ದರು. ಆಮೇಲೆ ಕಣ್ಣು ತೆರೆದು ಒಳಗಿನ ಯಾವ ಹಲ್ಲು ಸವೆದಿದೆ, ಯಾವ ಬೇರಿಂಗು ಎಷ್ಟು ದಿನ ಬಾಳೀತು ಎಂದು ಹೇಳುತ್ತಿದ್ದ. ಬಿಚ್ಚಿದಾಗ ಹಾಗೇ ಇರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವಳು ಯಂತ್ರಗಳ ಸೀಟಿನ ಮೇಲೆ ಕೂತು ಪುಸ್ತಕ ಓದುತ್ತಿದ್ದಳು. ಅವನು ಕೆಳಗೆ ಮಲಗಿ ಕೆಲಸ ಮಾಡುವಾಗ ಮೇಲೆ ಲಿವರ್ ಎಳೆಯಲು ಒಬ್ಬರು ಬೇಕಿತ್ತು. ಕಾಲೇಜು ಮುಗಿಸಿ ಬಂದವಳಿಗೆ ಬೇರೆ ಕೆಲಸ ಇರಲಿಲ್ಲ. ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲವೆಂದು ಅವನು ಕೆಳಗಿನಿಂದ ಸ್ಪ್ಯಾನರಿನಲ್ಲಿ ಕುಟ್ಟುತ್ತಿದ್ದ. ಒಂದು ಪೆಟ್ಟಿಗೆ ಎತ್ತು, ಎರಡಕ್ಕೆ ಇಳಿಸು, ಮೂರಕ್ಕೆ ನಿಲ್ಲಿಸು. ಇನ್ನೊಂದಿತ್ತು, ಲೆಕ್ಕವಿಲ್ಲದ್ದು, ಹುರಿಗಡಲೆ ಚೆಲ್ಲಿದ ಹಾಗೆ ಟಕಟಕಟಕ ಎಂದು ಬರುವಂಥದು. ಅದರ ಅರ್ಥ, ಇದ್ದೀಯಾ, ಇಲ್ಲಾ ಪುಸ್ತಕದೊಳಗೆ ಹೋದ್ಯಾ? ಅದಕ್ಕೆ ಅವಳು ಹಿಮ್ಮಡಿಯಿಂದ ಕಾಲಡಿಯ ತಗಡನ್ನು ಒಮ್ಮೆ ಕುಟ್ಟಬೇಕು. ಇದ್ದೇನೆ. ಮತ್ತೆ ಮೇಲೆದ್ದು ಬಂದವನು, “ಏನನ್ನುತ್ತೆ?” ಎಂದು ಕೇಳುತ್ತಿದ್ದ. ಸದ್ದು ಬರ್ತಿದೆ ಅಂದರೆ ಅವನಿಗೆ ಸಾಲುತ್ತಿರಲಿಲ್ಲ. “ಸದ್ದು ಅಂದ್ರೆ ಯಾವ್ದು ಕಣೇ? ಮಗು ಅಳ್ತಿದೆ ಅಂದ್ರೆ ಆಯ್ತಾ? ಹಸಿವಿಗೋ, ಹೊಟ್ಟೆನೋವಿಗೋ, ಹಟಕ್ಕೋ?” ಅವಳು ಕಲಿತಳು. ಇದು ಗೊಣಗುತ್ತೆ, ಇದು ನರಳುತ್ತೆ, ಇದು ಒಣ ಕೆಮ್ಮು, ಇದು ಯಾರೋ ಬಾಗಿಲಾಚೆ ಮರಳು ಜರಡಿ ಹಿಡಿದ ಹಾಗೆ. ಪುಸ್ತಕ ಬಿಟ್ಟುಹೋಯಿತು. ಬೇರೆ ಗಂಡಹೆಂಡಿರು ಏನು ಮಾತಾಡಿಕೊಳ್ಳುತ್ತಾರೋ ಅವಳಿಗೆ ಗೊತ್ತಿಲ್ಲ. ಇವರಿಬ್ಬರ ಮಾತೆಲ್ಲ ಯಾವುದೋ ಮುದಿ ಯಂತ್ರದ ನರಳಾಟದ ಸುತ್ತಲೇ ಬೆಳೆಯಿತು, ಅದರಲ್ಲೇ ಅವರಿಗೆ ನಗು ಬಂತು, ಅದರಲ್ಲೇ ಜಗಳ ಆಡಿದರು.

ಆದ್ದರಿಂದಲೇ, “ಏನನ್ನುತ್ತೆ?” ಎನ್ನುವುದು ಎಂದೋ ಒಂದು ದಿನ “ನಿನಗೇನನ್ನುತ್ತೆ?” ಎಂದಾದಾಗ ಅವಳಿಗೆ ಹೆಮ್ಮೆಯಾಗಿತ್ತು. ಸ್ಕ್ರೂಡ್ರೈವರನ್ನು ತಾನೇ ಅವಳ ಕೈಗೆ ಕೊಟ್ಟು, ಅವಳ ಕಿವಿಯ ಹಿಂದೆ ಇಟ್ಟು, ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ ಅವಳ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದ. ಅವಳು ಹೇಳಿದ್ದಕ್ಕೆ ಪಕ್ಕಾ ಎಂದು ತಲೆಯಾಡಿಸುತ್ತಿದ್ದ. ತನ್ನ ಕಿವಿ ಪಳಗಿತು, ಇನ್ನು ತನ್ನ ಮಾತಿಗೂ ಬೆಲೆ ಬಂತು ಎಂದು ಅವಳು ಅತ್ತಿಗೆಯ ಮುಂದೆ ಕೊಚ್ಚಿಕೊಂಡದ್ದೂ ಉಂಟು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಎಷ್ಟು ದಿನ ಹಾಗೆ ಬೀಗಿದಳೋ. ಆಮೇಲೊಂದು ಮಧ್ಯಾಹ್ನ ಯಾರೋ ಗಿರಾಕಿಯ ಮುಂದೆ ಅವನೇ ಸ್ಕ್ರೂಡ್ರೈವರ್ ಹಿಡಿದು ಕಣ್ಣು ಮುಚ್ಚಿದಾಗ ಅವಳು ಮಗ್ಗುಲಲ್ಲಿ ನಿಂತಿದ್ದಳು. ಅದರ ತುದಿ ಪಂಪಿಗೆ ತಾಗಿರಲಿಲ್ಲ. ಒಂದು ನೂಲು ತೂರುವಷ್ಟು ಜಾಗ ಬಿಟ್ಟು ಅದು ಗಾಳಿಯಲ್ಲಿ ನಿಂತಿತ್ತು. ಕೈ ನಡುಗಿ ಹಾಗಾಯಿತೇನೋ ಎಂದುಕೊಂಡಳು. ಮತ್ತೊಂದು ದಿನ ನೋಡಿದಳು, ಮತ್ತೊಂದು ದಿನ. ಯಾವತ್ತೂ ಅದೇ ನೂಲಿನಷ್ಟು. ತಾಗಿಸಿದರೆ ಏನೂ ಕೇಳಿಸುವುದಿಲ್ಲವೆನ್ನುವುದು ಖಚಿತವಾಗುತ್ತದೆ. ತಾಗಿಸದಿದ್ದರೆ, ತಾಗಿಸಿಲ್ಲ ಅದಕ್ಕೇ ಕೇಳಿಸಿಲ್ಲ, ಅಷ್ಟೆ. ಆ ಸಣ್ಣ ಬಿರುಕಿನಲ್ಲಿ ಅವನು ಇಷ್ಟು ತಿಂಗಳು ಬದುಕಿದ್ದಾನೆ ಎಂದು ಅವಳಿಗೆ ಹೊಳೆದದ್ದು ಬಟ್ಟೆ ಹಿಂಡುವಾಗ. ಹಿಂಡುತ್ತಿದ್ದದ್ದು ಅವನ ಅಂಗಿ. ಅದನ್ನು ಹಾಗೇ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು, ನೀರೆಲ್ಲ ಕಾಲಮೇಲೆ ಇಳಿದಿತ್ತು.

“ಒಂದ್ಸಲ ಕಿವಿ ತೋರಿಸ್ಕೊಂಡು ಬರೋಣ ಕಣ್ರೀ,” ಎಂದಿದ್ದಳು. ಮಾತನ್ನು ಎಷ್ಟು ಸಲ ತಿದ್ದಿಕೊಂಡಿದ್ದಳೆಂದರೆ, ಆಡಿದಾಗ ಅದು ಯಾರೋ ಬರೆದುಕೊಟ್ಟ ಹಾಗಿತ್ತು. “ಗುಗ್ಗೆ ಕಟ್ಟಿರುತ್ತೆ. ಎಣ್ಣೆ ಬಿಡು,” ಎಂದ. ಎಣ್ಣೆ ಬಿಸಿ ಮಾಡಿ ಬಿಟ್ಟಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಅವನು, “ಎಂಜಿನ್ ಆಯಿಲ್ಲೋ, ಹೈಡ್ರಾಲಿಕ್ಕೋ?” ಎಂದು ನಗಿಸಿದ. ಅವಳು ಬಿಡಲಿಲ್ಲ; ಈಗೆಲ್ಲ ಸಣ್ಣ ಸಣ್ಣ ಮಷೀನು ಬರುತ್ತವಂತೆ, ಕಿವಿಯೊಳಗೆ ಇಟ್ಟುಕೊಂಡರೆ ಗೊತ್ತೂ ಆಗುವುದಿಲ್ಲವಂತೆ ಎಂದಳು. ಅವನು ಎದ್ದು ಕೂತ. ಎಣ್ಣೆ ಕತ್ತಿನ ಮೇಲೆ ಇಳಿಯಿತು. “ಕಿವಿಗೆ ಮಷೀನು ಹಾಕ್ಕೊಂಡು ಮಷೀನು ರಿಪೇರಿ ಮಾಡ್ಲಾ? ಮೇಸ್ತ್ರಿಗೆ ಕಿವಿ ಹೋಯ್ತಂತೆ ಅಂತ ಒಬ್ಬನ ಬಾಯಿಗೆ ಬಿದ್ರೆ ಸಾಕು ಕಣೇ, ಈ ಹಿತ್ಲಲ್ಲಿ ಹುಲ್ಲು ಬೆಳಿಯುತ್ತೆ. ನೀನು ಸುಮ್ನಿರು. ನಿಂಗೆ ಕೇಳ್ಸುತ್ತಲ್ಲ, ಸಾಕು.” ಆ ಕೊನೆಯ ಮಾತನ್ನು ಅವನು ಎಷ್ಟು ಮೆತ್ತಗೆ ಆಡಿದನೆಂದರೆ ಅವಳು ಸೆರಗಿನಿಂದ ಅವನ ಕತ್ತಿನ ಎಣ್ಣೆ ಒರೆಸಿದಳು, ಅಷ್ಟೆ. ಅಂದಿನಿಂದ ಅವಳು ಅವನ ಕಿವಿಯಾದಳು. ಯಾರು ಏನು ಹೇಳಿದರೂ ಅದನ್ನು ಅವನ ಕಡೆ ತಿರುಗಿ ಇನ್ನೊಮ್ಮೆ ಹೇಳುವುದು, ತನಗೇ ತಿಳಿಯಲಿಲ್ಲ ಎನ್ನುವ ಹಾಗೆ. ಚೈನ್ ಸಡಿಲ ಆಗಿದೆಯಾ? ಬ್ರೇಕ್ ಹಿಡಿಯಲ್ವಾ? ಗಿರಾಕಿಗಳು ಅವಳ ಬುದ್ಧಿ ಸ್ವಲ್ಪ ಮಂದ ಎಂದುಕೊಂಡರು. ಗೋದಾಮಿನವನಂತೂ, “ಅಕ್ಕನಿಗೆ ಎಲ್ಲಾನೂ ಎರಡೆರಡು ಸಲ ಹೇಳ್ಬೇಕಪ್ಪ,” ಎಂದು ನಕ್ಕಿದ್ದ. ಗಂಡನೂ ನಕ್ಕು, “ಗಿಣಿ ಸಾಕಿದ್ದೀನಿ,” ಎಂದಿದ್ದ. ಗಿಣಿ ಎನ್ನುವ ಹೆಸರು ಅಂಟಿಕೊಂಡಿತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ಬಹುಮಾನ ತಂದವಳು. ಇರಲಿ. ಗಿಣಿಯಾಗಿಯೇ ಸತ್ತುಹೋಗಬಹುದಿತ್ತು, ಗೋದಾಮಿನ ಆ ಕೆಲಸ ಬರದಿದ್ದರೆ.

ಗೋದಾಮಿನವನು ಕೆಟ್ಟವನಲ್ಲ. ಇವರಿಗಿಂತ ಚಿಕ್ಕವನು, ಮಾತಿನಮಲ್ಲ, ಫೋರ್ಕ್‌ಲಿಫ್ಟುಗಳನ್ನು ಇಲ್ಲಿಗೆ ಹೊತ್ತು ತರುವುದೇ ದಂಡ ಎಂದು ಲೆಕ್ಕ ಹಾಕಿ, ಮೇಸ್ತ್ರಿಯೇ ದಿನಾ ಗೋದಾಮಿಗೆ ಬಂದುಬಿಡಲಿ ಎಂದಿದ್ದ. ನೋಡಿಬರಲು ಗಂಡ ಅವಳನ್ನೂ ಕರೆದುಕೊಂಡು ಹೋಗಿದ್ದ. ಮಾಡಿನವರೆಗೆ ಪೇರಿಸಿದ ಪೆಟ್ಟಿಗೆಗಳು, ನಡುವೆ ಓಣಿಗಳು, ಓಣಿಗಳಲ್ಲಿ ಹಿಂದಕ್ಕೂ ಮುಂದಕ್ಕೂ ಓಡುವ ಯಂತ್ರಗಳು. ಹೊರೆ ಹೊತ್ತ ಯಂತ್ರಕ್ಕೆ ಮುಂದೆ ಕಾಣುವುದಿಲ್ಲ. ಅದಕ್ಕೆ ಅವೆಲ್ಲ ಹಿಂದಕ್ಕೇ ಓಡುತ್ತವೆ, ಪೀ ಪೀ ಪೀ ಎಂದು ಕೂಗುತ್ತ. ಅಲ್ಲಿಯವರು ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ, ಕೂಗು ಕೇಳಿ ಪಕ್ಕಕ್ಕೆ ಸರಿಯುತ್ತಿದ್ದರು, ನಡಿಗೆಯಲ್ಲೇ. ಅವನು ಓಣಿಯ ನಡುವೆ ನಿಂತು ಮೇಲೆ ನೋಡುತ್ತ ಒಂದು ಚೈನಿನ ಸವಕಳಿಯ ಬಗ್ಗೆ ಏನೋ ಹೇಳುತ್ತಿದ್ದ. ಹಿಂದಿನಿಂದ ಒಂದು ಬಂತು. ಪೀ ಪೀ ಎಂದಿತು. ಓಡಿಸುವವನು ಮೇಸ್ತ್ರಿ ಸರಿಯುತ್ತಾರೆ ಎಂದುಕೊಂಡ. ಅವಳು ಅಂಗಿ ಹಿಡಿದು ಎಳೆದಳು, ಗುಂಡಿ ಕಿತ್ತು ಹಾರಿತು, ಯಂತ್ರ ಅವನ ತೋಳು ಸವರಿಕೊಂಡು ಹೋಯಿತು. “ಎಷ್ಟ್ ಸಲ ಹೇಳ್ಬೇಕು, ಜನರ ಮುಂದೆ ಎಳೀಬೇಡ ಅಂತ!” ಎಂದು ಅವನು ಎಲ್ಲರೆದುರು ರೇಗಿದ; ಸುತ್ತಲಿದ್ದವರು ಬೇರೇನೋ ಅರ್ಥ ಮಾಡಿಕೊಂಡು ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, “ಗಾಳಿ ಆ ಕಡೆಗಿತ್ತು,” ಎಂದ. ಗೋದಾಮಿನ ಒಳಗೆ ಯಾವ ಗಾಳಿ? ಅಲ್ಲಿಗೆ ದಿನಾ ಹೋಗುವುದಕ್ಕೆ ಅವನು ಒಪ್ಪಿಕೊಂಡಿದ್ದ. ನಾಳೆಯಿಂದ. ಅಲ್ಲಿ ಅಂಗಿ ಹಿಡಿದು ಎಳೆಯಲು ಅವಳಿರುವುದಿಲ್ಲ. ಕಿತ್ತ ಗುಂಡಿ ಸಿಕ್ಕದೆ ಬೇರೆ ಬಣ್ಣದ್ದು ಹೊಲಿದಿದ್ದಳು. ಅದನ್ನು ಹಾಕಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಅದುರುವ ಉಪಕರಣಗಳನ್ನು ಹಿಡಿದು ಹಿಡಿದು ಬೆರಳ ತುದಿಗಳು ಜೋಮು ಹಿಡಿದಿದ್ದವು. ಈ ದಿನ ಬೆಳಿಗ್ಗೆಯೂ ಕನ್ನಡಿಯ ಮುಂದೆ ನಿಂತು ಅದರ ಜೊತೆ ಹೆಣಗುತ್ತಿದ್ದ. ಅವಳು ಹೋಗಿ ಹಾಕಲಿಲ್ಲ. ಹಾಕಿದರೆ ಅವನಿಗೆ ಆಗದ ಕೆಲಸಗಳಲ್ಲಿ ಅದೂ ಒಂದು ಆಗುತ್ತಿತ್ತು.

ಲಾರಿ ಗೇಟಿನ ಮುಂದೆ ಬಂದು ನಿಂತಾಗ ಅವಳೇ ಓಡಿದಳು. ಹೇಳಬೇಕಾದದ್ದು ಎರಡೇ ಮಾತು: ಅವರಿಗೆ ಕೇಳಿಸುವುದಿಲ್ಲ. ಅದನ್ನು ಹೇಗೆ ಹೇಳಿದರೆ ಕಡಿಮೆ ನೋವು ಎಂದು ಅವಳು ವಾರದಿಂದ ಅಳೆದು ಸುರಿದು ನೋಡಿದ್ದಳು. ‘ಸ್ವಲ್ಪ ಕಡಿಮೆ ಕೇಳಿಸುತ್ತೆ’ ಅಂದರೆ ಗೋದಾಮಿನವನು ನಕ್ಕು, ಸ್ವಲ್ಪ ಜೋರಾಗಿ ಹೇಳ್ತೀವಿ ಬಿಡಿ ಅನ್ನುತ್ತಾನೆ. ‘ಅವರನ್ನು ಅಲ್ಲಿಗೆ ಕರೀಬೇಡಿ’ ಅಂದರೆ ಯಾಕೆ ಅನ್ನುತ್ತಾನೆ. ‘ನಾನೂ ಬರ್ತೀನಿ’ ಎಂದು ಗಂಡನಿಗೇ ಹೇಳಿ ನೋಡಿದ್ದಳು, “ನನ್ನ ಬೆರಳು ಹಿಡ್ಕೊಂಡು ಸ್ಕೂಲಿಗೆ ಬಿಡ್ತೀಯಾ?” ಎಂದಿದ್ದ. ಗೋದಾಮಿನವನು ಲಾರಿಯಿಂದ ಧುಮುಕಿ, “ಏನಕ್ಕಾ, ಮೇಸ್ತ್ರಿ ರೆಡಿನಾ? ನಾಳೆಯಿಂದ ನಮ್ಮೋರು ಅವರು. ನೀವು ಬೇಜಾರು ಮಾಡ್ಕೋಬೇಡಿ, ಸಾಯಂಕಾಲ ವಾಪಸ್ ಕೊಡ್ತೀವಿ,” ಎಂದ. ಅವಳು ಬಾಯಿ ತೆರೆದಳು. “ಲಾರಿ ಇನ್ನೂ ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಚರಂಡಿ ಇದೆ,” ಎಂದಳು.

ಗಂಡ ಕೈ ಒರೆಸಿಕೊಳ್ಳುತ್ತ ಬಂದ. ಗೋದಾಮಿನವನನ್ನು ಮಾತಾಡಲು ಬಿಡದೆ ತಾನೇ ಮಾತಾಡಿದ. ಅದೂ ಹೊಸದಾಗಿ ಕಲಿತ ಉಪಾಯ, ತಾನೇ ಮಾತಾಡುತ್ತಿದ್ದರೆ ಕೇಳಿಸಿಕೊಳ್ಳುವ ಕಷ್ಟವಿಲ್ಲ. ಸೀಲು ಹೊಸದು, ಪಂಪು ಬಿಚ್ಚಿ ಕಟ್ಟಿದ್ದೀನಿ, ಚೈನು ಬಿಗಿ ಮಾಡಿದ್ದೀನಿ, ಇನ್ನು ನಾಲ್ಕು ವರ್ಷ ಇದು ನಿಮ್ಮ ಮಾತು ಕೇಳುತ್ತೆ. “ಮೊನ್ನೆ ನರಳ್ತಿತ್ತಲ್ಲ, ಅದು ಹೋಯ್ತಾ?” ಎಂದ ಗೋದಾಮಿನವನು, ಯಂತ್ರದ ಕಡೆ ಮುಖ ಮಾಡಿ. “ನರಳ್ತಿತ್ತಲ್ಲ, ಅದು ಹೋಯ್ತಾ?” ಎಂದಳು ಅವಳು, ಗಂಡನ ಕಡೆ ಮುಖ ಮಾಡಿ. ಗೋದಾಮಿನವನು ಲಾರಿ ಡ್ರೈವರನಿಗೆ ಕಣ್ಣು ಮಿಟುಕಿಸಿದ್ದು ಅವಳಿಗೆ ಕಂಡಿತು. “ಹೋಗ್ದೆ ಎಲ್ಲಿಗೆ? ಬನ್ನಿ, ಈಗ್ಲೇ ಕೇಳಿಸ್ತೀನಿ,” ಎಂದ ಗಂಡ. “ನೀನು ಹತ್ತೇ,” ಎಂದ ಅವಳಿಗೆ.

ಅವಳು ಹತ್ತಿ ಕೂತಳು. ಸೀಟಿನ ರೆಕ್ಸಿನ್ ಬಿಸಿಲಿಗೆ ಕಾದಿತ್ತು. ಕೀ ತಿರುಗಿಸಿದಳು, ಇಂಜಿನ್ ಎರಡು ಸಲ ಗಂಟಲು ಸರಿಮಾಡಿಕೊಂಡು ಹಿಡಿಯಿತು. ಹೊಗೆಕೊಳವೆಯ ಬಾಯಿಗೆ ಮಳೆನೀರು ಹೋಗದಂತೆ ಹಾಕಿದ್ದ ತಗಡಿನ ಪುಟ್ಟ ಮುಚ್ಚಳ ಟಪಟಪನೆ ಕುಣಿಯತೊಡಗಿತು. ಲಿವರ್ ಎಳೆದಳು, ಎರಡು ಉದ್ದನೆ ಕಬ್ಬಿಣದ ಕೈಗಳು ಮೇಲೆದ್ದವು, ಇಳಿದವು. ನರಳಾಟ ನಿಜವಾಗಿಯೂ ಹೋಗಿತ್ತು. ಅವನು ಕಿವಿಯಿಲ್ಲದೆ, ಅವಳ ಮಾತನ್ನು ನಂಬಿ, ಅಷ್ಟು ಶುದ್ಧವಾಗಿ ಕಟ್ಟಿದ್ದ. ಈಗ ಪಂಪಿನ ಪಕ್ಕಕ್ಕೆ ಬಂದು, ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ. ಕಣ್ಣು ಮುಚ್ಚಿದ. ಸೀಟಿನ ಮೇಲಿನಿಂದ ಅವಳಿಗೆ ಎಲ್ಲವೂ ಬಹಳ ಹತ್ತಿರ ಕಂಡಿತು: ಕಿವಿಯ ಹಿಂದಿನ ನರೆಗೂದಲು, ಬೇರೆ ಬಣ್ಣದ ಗುಂಡಿ, ಪಂಪಿನ ಮೈಗೆ ತಾಗದೆ ನಿಂತ ಆ ತುದಿ, ಮತ್ತು ನಡುವಿನ ಆ ನೂಲಿನಷ್ಟು ಬೆಳಕು. ನಾಳೆ ಈ ಹೊತ್ತಿಗೆ ಅವನು ಓಣಿಯಲ್ಲಿ ಬಗ್ಗಿರುತ್ತಾನೆ, ಹೀಗೇ ಕಣ್ಣು ಮುಚ್ಚಿ. ಅವನು ಎಡಗೈ ಮೇಲೆತ್ತಿದ. ಸುಮ್ಮನಿರಿ. ಗೋದಾಮಿನವನು ಬಾಯಿ ಮುಚ್ಚಿದ. ಲಾರಿಯವನು ಹಾಡು ನಿಲ್ಲಿಸಿದ. ಅವಳ ಕೈ ಮುಂದೆ ಹೋಗಿ ಕೀ ತಿರುಗಿಸಿತು.

ಇಂಜಿನ್ ನಿಂತಿತು. ತಗಡಿನ ಮುಚ್ಚಳ ಒಮ್ಮೆ ಕುಣಿದು ಕೊಳವೆಯ ಮೇಲೆ ಕೂತಿತು. ಅಷ್ಟು ಹೊತ್ತು ಎಲ್ಲಿದ್ದವೋ, ಗೋಡೆಯಾಚೆ ಯಾರೋ ಬಕೆಟಿಗೆ ನೀರು ತುಂಬುವ ಸದ್ದು, ಒಂದು ಸೈಕಲ್ಲಿನ ಗಂಟೆ, ಒಣಗಲು ಹಾಕಿದ ಬಟ್ಟೆ ಗಾಳಿಗೆ ಬಡಿಯುವುದು, ಎಲ್ಲ ಒಂದೊಂದಾಗಿ ಹಿತ್ತಿಲೊಳಗೆ ಬಂದವು. ಅವನು ಕಣ್ಣು ಮುಚ್ಚಿಯೇ ಇದ್ದ. ಮುಖದ ಮೇಲೆ ಆ ಹಳೆಯ ಗಮನ, ಅವಳು ಮದುವೆಯ ಹೊಸದರಲ್ಲಿ ಪುಸ್ತಕದ ಅಂಚಿನಿಂದ ಕದ್ದು ನೋಡುತ್ತಿದ್ದ ಗಮನ. ತಲೆ ಮೆಲ್ಲಗೆ ಆಡಿತು. “ಹ್ಞಾಂ,” ಎಂದ. “ಈಗ ಕೇಳಿ. ನೋಡಿ ಹೇಗೆ ತಿರುಗ್ತಿದೆ. ಬೆಣ್ಣೆ. ಒಂಚೂರು ಗೊಣಗಾಟ ಇದೆಯಾ ಹೇಳಿ ನೋಡೋಣ.” ಗೋದಾಮಿನವನು ಅವಳನ್ನು ನೋಡಿದ. ಅವನ ಮುಖದಲ್ಲಿ ಮೊದಲು ನಗು ಏಳುತ್ತಿತ್ತು, ಏನೋ ತಮಾಷೆ ಎಂಬ ಹಾಗೆ. ಅದು ಅರ್ಧಕ್ಕೆ ನಿಂತಿತು, ಮಡಚಿಕೊಂಡಿತು. ಅವನ ಕಣ್ಣು ಅವಳನ್ನು ಹೊಸದಾಗಿ ಅಳೆಯಿತು, ಗಿಣಿಯನ್ನು. ಅವಳು ತನ್ನ ಸೀರೆಯ ಮೇಲಿನ ಎಣ್ಣೆಯ ಕಲೆಯೊಂದನ್ನು ನೋಡುತ್ತ ಕೂತಳು. ಯಾರಾದರೂ ಏನಾದರೂ ಮಾಡಬಾರದೇ. ಲಾರಿಯವನು ಕೆಮ್ಮಿದ. “ಮೇಸ್ತ್ರಿ,” ಎಂದ ಗೋದಾಮಿನವನು, ಬಹಳ ಮೆಲ್ಲಗೆ, ಕೇಳಿಸದಿರಲಿ ಎಂಬಂತೆ.

ಅವನು ತಾನಾಗಿಯೇ ಕಣ್ಣು ತೆರೆದ. ಎದುರಿಗಿದ್ದವನ ಮುಖ ನೋಡಿದ. ಆಮೇಲೆ, ಯಂತ್ರಗಳೊಂದಿಗೆ ಬಾಳಿದವನಿಗೆ ಎಲ್ಲಿ ನೋಡಬೇಕೆಂದು ಗೊತ್ತಲ್ಲ, ಹೊಗೆಕೊಳವೆಯ ಕಡೆ ನೋಡಿದ. ಮುಚ್ಚಳ ಮುಚ್ಚಿತ್ತು. ಅಲ್ಲಿಂದ ಕೀ ಕಡೆಗೆ, ಕೀಯಿಂದ ಅವಳ ಕೈ ಕಡೆಗೆ. ಕೈ ಇನ್ನೂ ಅಲ್ಲೇ ಇತ್ತು. ಹಿಂದಕ್ಕೆ ತೆಗೆದುಕೊಳ್ಳಲು ಅವಳು ಮರೆತಿದ್ದಳು. ಅವನು ಅವಳ ಮುಖವನ್ನು ನೋಡಲಿಲ್ಲ. ಸ್ಕ್ರೂಡ್ರೈವರನ್ನು ಚಿಂದಿಯಲ್ಲಿ ಒರೆಸಿದ, ಹಿಡಿಯಿಂದ ತುದಿಯವರೆಗೆ, ಎಣ್ಣೆಯೇ ಇಲ್ಲದ್ದನ್ನು. “ನಿಲ್ಲಿಸಿಬಿಟ್ಯಾ?” ಎಂದ. “ಒಳ್ಳೇದಾಯ್ತು. ಸುಮ್ನೆ ಡೀಸೆಲ್ ದಂಡ.”

ಗೋದಾಮಿನವನು ಬೇಕಾದ್ದಕ್ಕಿಂತ ಜೋರಾಗಿ ನಕ್ಕ. ಮತ್ತೆ ಮಾತಾಡಿದಾಗ ಅವನ ದನಿಯೇ ಬೇರೆಯಾಗಿತ್ತು. ಇಷ್ಟು ದಿನ ಮೇಸ್ತ್ರಿಯ ಜೊತೆ ಮಾತಾಡುತ್ತಿದ್ದವನು ಈಗ ಒಂದೊಂದೇ ಪದವನ್ನು ದೊಡ್ಡದು ಮಾಡಿ, ಕೈ ಆಡಿಸುತ್ತ, ಪರಸ್ಥಳದವನಿಗೆ ದಾರಿ ಹೇಳುವವನಂತೆ ಹೇಳಿದ. “ಮೇಸ್ತ್ರೀ! ಗಾಡಿ! ಚೆನ್ನಾಗಿದೆ! ನಾಳೆ! ಬೇಡ! ನಾನು! ಹೇಳಿ ಕಳಿಸ್ತೀನಿ!” ಅಷ್ಟು ಜೋರಾಗಿ ಹೇಳಿದರೆ ಗೋಡೆಯಾಚೆಯವರಿಗೂ ಕೇಳಿಸುತ್ತದೆ. ಅವಳಿಗೆ ಅದೇ ಚಿಂತೆಯಾಯಿತು, ನೀರು ತುಂಬುವ ಸದ್ದು ಯಾಕೆ ನಿಂತಿತು ಎಂದು. ಆ ಚಿಂತೆಯಲ್ಲಿದ್ದಾಗಲೇ ಅವಳ ಕತ್ತು ಗಂಡನ ಕಡೆ ತಿರುಗಿತು, ಬಾಯಿ ತೆರೆಯಿತು, ಎಷ್ಟೋ ತಿಂಗಳ ಅಭ್ಯಾಸದಂತೆ ಅದೇ ಆಡಿತು: “ನಾಳೆ ಬೇಡವಂತೆ. ಹೇಳಿ ಕಳಿಸ್ತಾರಂತೆ.”

“ಕೇಳಿಸ್ತು,” ಎಂದ ಅವನು.

ಫೋರ್ಕ್‌ಲಿಫ್ಟ್ ಹಲಗೆಯ ಮೇಲೆ ಹತ್ತಿ ಲಾರಿ ಸೇರಿತು. ಹೋಗುವಾಗ ಗೋದಾಮಿನವನು ಗೇಟಿನ ಬಳಿ, “ನೀವು ಮುಂಚೇನೇ ಒಂದ್ ಮಾತು ಹೇಳ್ಬಾರ್ದಿತ್ತಾ ಅಕ್ಕಾ,” ಎಂದ, ಬೈಗುಳವಲ್ಲದ ಬೈಗುಳ. ಮತ್ತೆ, “ನಾನ್ಯಾರಿಗೂ ಹೇಳಲ್ಲ,” ಎಂದ. ಅವನು ಹೇಳದೆ ಇರಲಾರ, ಮಾತಿನಮಲ್ಲ, ಲಾರಿಯವನೂ ಇದ್ದ. ಯಂತ್ರ ನಿಂತಿದ್ದ ಜಾಗದಲ್ಲಿ ನಾಲ್ಕು ಗಾಲಿಗಳ ಗುರುತು, ನಡುವೆ ಒಂದು ಹನಿ ಎಣ್ಣೆಯೂ ಇಲ್ಲದ ಒಣ ಕಾಂಕ್ರೀಟು. ಎಷ್ಟು ಚೆನ್ನಾಗಿ ಸೀಲು ಹಾಕಿದ್ದ. ಅವಳು ಒಳಗೆ ಹೋದಾಗ ಅತ್ತಿಗೆ ತರಕಾರಿ ಹೆಚ್ಚುತ್ತ, “ಮಧ್ಯದಲ್ಲಿ ಇಂಜಿನ್ ಯಾಕಮ್ಮ ನಿಂತಿತು? ನಂಗೆ ಇಲ್ಲಿಗೇ ಕೇಳಿಸ್ತು, ಧಸಕ್ ಅಂತು ಎದೆ. ಇವನಿಗೇನಾದ್ರೂ ಆಯ್ತೇನೋ ಅಂತ,” ಎಂದರು. ಏನೂ ಆಗಿಲ್ಲ ಅತ್ತಿಗೆ ಎಂದಳು. ಅತ್ತಿಗೆ ಚಾಕುವನ್ನು ಮಣೆಯ ಮೇಲಿಟ್ಟು, “ಚಿಕ್ಕಂದಿನಲ್ಲಿ ಅವನು ನೆಲಕ್ಕೆ ಕಿವಿ ಇಟ್ಟು ಯಾರು ಬರ್ತಿದ್ದಾರೆ ಅಂತ ಹೇಳೋನು. ಅಪ್ಪ ಬಂದ್ರೆ ಅಡಗಿಕೊಳ್ಳೋಕೆ,” ಎಂದರು. ಮತ್ತೆ ಚಾಕು ಎತ್ತಿಕೊಂಡರು. ಎಲ್ಲರಿಗೂ ಎಲ್ಲವೂ ಗೊತ್ತಿತ್ತೇನೋ, ತಾನೊಬ್ಬಳೇ ಕಾವಲು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು.

ಊಟಕ್ಕೆ ಕೂತಾಗ ಅವನು ತಟ್ಟೆ ಬಿಟ್ಟು ಕಣ್ಣೆತ್ತಲಿಲ್ಲ. ಅವಳು ಬಡಿಸುತ್ತ ಇನ್ನೂ ಸ್ವಲ್ಪ ಎಂದಳು, ಸಾಕಾ ಎಂದಳು. ತುಟಿ ನೋಡದವನಿಗೆ ಏನು ಹೇಳಿದರೂ ಒಂದೇ. ಬೈದಿದ್ದರೆ ಚೆನ್ನಾಗಿತ್ತು. ತಟ್ಟೆ ಎತ್ತಿ ಹೊಡೆದಿದ್ದರೆ, ಅದು ಬೀಳುವ ಸದ್ದು ತಾನೊಬ್ಬಳೇ ಕೇಳಿಸಿಕೊಳ್ಳಬಹುದಿತ್ತು. ತಾನು ಮಾಡಿದ್ದು ಸರಿ, ನಾಳೆ ಸಂಜೆ ಅವನು ಜೀವಂತವಾಗಿ ಇದೇ ಮಣೆಯ ಮೇಲೆ ಕೂತಿರುತ್ತಾನೆ, ಎಂದು ಒಂದು ಮನಸ್ಸು ಹೇಳುತ್ತಲೇ ಇತ್ತು. ಹಾಗಾದರೆ ಆ ಮಾತು ಗೇಟಿನಲ್ಲಿ ಬಾಯಿಂದ ಬಾರದೆ, ಅವನು ಕಣ್ಣು ಮುಚ್ಚಿದಾಗಲೇ ಕೈಯಿಂದ ಯಾಕೆ ಬಂತು? ಗಿಣಿಯ ಕೊಕ್ಕಿನಲ್ಲಿ ಅಷ್ಟು ದಿನದ ಕೋಪವೂ ಇತ್ತೇ? ಅವಳು ಆ ಪ್ರಶ್ನೆಯನ್ನು ಮುಟ್ಟಲಿಲ್ಲ. ಒಂದು ನೂಲಿನಷ್ಟು ದೂರದಲ್ಲಿ ಹಿಡಿದಳು.

ಮಧ್ಯಾಹ್ನ ಅವನು ಮಣ್ಣು ಅಗೆಯುವ ಯಂತ್ರದ ಕಡೆ ಹೋದ. ಅವಳೂ ಹೋಗಿ, ಕರೆಯದಿದ್ದರೂ, ಹತ್ತಿ ಸೀಟಿನಲ್ಲಿ ಕೂತಳು. ಅವನು ಕೆಳಗೆ ಗೋಣಿ ಹಾಸಿದ. ಮಲಗುವ ಮುಂಚೆ ಮೇಲಕ್ಕೆ ಕೈ ಚಾಚಿ ಯಂತ್ರದ ಕೀಯನ್ನು ಕಿತ್ತು, ಬೇರೆ ಬಣ್ಣದ ಗುಂಡಿಯಿದ್ದ ಅಂಗಿಯ ಜೇಬಿಗೆ ಹಾಕಿಕೊಂಡ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಹಾಗೆ ಮಾಡಿದವನಲ್ಲ. ನೂರು ಮಣ ತೂಗುವ ತೋಳನ್ನು ಅವಳ ಕೈಗೆ ಕೊಟ್ಟು ಅದರಡಿಯಲ್ಲಿ ಹಾಡು ಗುನುಗುತ್ತ ಮಲಗುತ್ತಿದ್ದವನು. ಅವನ ತಲೆ, ಎದೆ, ಸೊಂಟ ಒಂದೊಂದಾಗಿ ಯಂತ್ರದ ಕೆಳಗೆ ಹೋದವು. ಚಪ್ಪಲಿ ಬಿಟ್ಟ ಪಾದಗಳು ಮಾತ್ರ ಹೊರಗುಳಿದವು. ಅವಳು ಕೀಯಿಲ್ಲದ ಯಂತ್ರದ ಲಿವರಿನ ಮೇಲೆ ಕೈಯಿಟ್ಟು ಕೂತಳು. ಹಗ್ಗದ ಮೇಲಿನ ಬಟ್ಟೆಗಳು ಒಣಗಿದವು. ಅವಳು ಎದ್ದು ತೆಗೆಯಲಿಲ್ಲ.

ಬಹಳ ಹೊತ್ತಾದ ಮೇಲೆ ಕೆಳಗಿನಿಂದ ಟಕಟಕಟಕ ಎಂದಿತು. ಒಂದಲ್ಲ, ಎರಡಲ್ಲ, ಮೂರಲ್ಲ. ಅವಳು ಹಿಮ್ಮಡಿಯಿಂದ ತಗಡನ್ನು ಕುಟ್ಟಿದಳು. ಕೆಳಗೆ ಸದ್ದಿಲ್ಲ. ಮತ್ತೆ ಟಕಟಕಟಕ. ಕುಟ್ಟಿದಳು, ಇನ್ನೂ ಜೋರಾಗಿ. ಮತ್ತೆ ಅದೇ. ಎರಡೂ ಕಾಲಿನಿಂದ, ಹಿಮ್ಮಡಿ ಉರಿಯುವವರೆಗೆ ಕುಟ್ಟಿದಳು. ಒಳಗಿನಿಂದ ಅತ್ತಿಗೆ ಕಿಟಕಿಗೆ ಬಂದು ನೋಡಿ ಹಿಂದೆ ಸರಿದರು. ಕೆಳಗೆ ಅದು ಕೇಳುತ್ತಲೇ ಇತ್ತು, ಇದ್ದೀಯಾ, ಇದ್ದೀಯಾ ಎಂದು. ಇಲ್ಲಾ, ಯಾವುದೋ ಜಾಮಾದ ಪಿನ್ನನ್ನು ಬರೀ ಕುಟ್ಟಿ ಸಡಿಲ ಮಾಡುತ್ತಿತ್ತು. ಯಾವುದೆಂದು ತಿಳಿಯುವಷ್ಟು ಕಿವಿ ಅವಳಿಗೂ ಇರಲಿಲ್ಲ. ಅವಳು ಇಳಿದಳು. ಯಂತ್ರದ ಮಗ್ಗುಲಿಗೆ ಹೋಗಿ, ಅವನು ಮಲಗಿದಲ್ಲಿಂದ ಕಾಣುವ ಹಾಗೆ ಗಾಲಿಯ ಪಕ್ಕದಲ್ಲಿ ತನ್ನ ಎರಡು ಪಾದಗಳನ್ನು ತಂದು ನಿಲ್ಲಿಸಿದಳು.

ಕುಟ್ಟುವುದು ನಿಂತಿತು. ಯಂತ್ರದ ಅಡಿಯ ಕತ್ತಲ ಅಂಚಿನಿಂದ ಅವನ ಕೈ ಹೊರಗೆ ಬಂತು, ಕಪ್ಪಾದ ಉಗುರು, ಬಿರಿದ ಬೆರಳು. ಸ್ಪ್ಯಾನರ್ ಕೇಳುತ್ತಾನೆಂದು ಅವಳು ಗೋಡೆಯ ಕಡೆ ತಿರುಗುವುದರಲ್ಲಿದ್ದಳು. ಕೈ ಮೇಲಕ್ಕೆ ತೆರೆದುಕೊಳ್ಳಲಿಲ್ಲ. ಅವಳ ಪಾದದ ಪಕ್ಕದಲ್ಲಿ, ಕಾಂಕ್ರೀಟಿನ ಮೇಲೆ, ಅಂಗೈ ಕೆಳಗೆ ಮಾಡಿ ಚಪ್ಪಟೆಯಾಗಿ ಮಲಗಿತು, ಕಾಯಿತು. ಅವಳು ಹಿಮ್ಮಡಿ ಎತ್ತಿ ನೆಲವನ್ನು ಒಮ್ಮೆ ಕುಟ್ಟಿದಳು. ಜೋಮು ಹಿಡಿದ ಆ ಬೆರಳುಗಳಿಗೆ ಏನಾದರೂ ತಲುಪಿತೋ ಇಲ್ಲವೋ, ಕೈ ಅಲುಗಲಿಲ್ಲ. ಹಾಗೇ ಇತ್ತು. ಅವಳು ಮತ್ತೆ ಕುಟ್ಟಿದಳು.